ಮಗಳಿಗೊಂದು ಪತ್ರ: ತಂಬಿಗೆ ನೀರಿನ ಲೆಕ್ಕ

ರಾಯಚೂರು

ಚಿರಂಜೀವಿ ಮಗಳೇ,

ಮೊನ್ನೆ ನೀನು ಸಿಟ್ಟಿನಿಂದ ಮಾತನಾಡುತ್ತಿದ್ದಾಗ ಫೋನ್ ಇಟ್ಟುಬಿಟ್ಟೆ. ತಪ್ಪು ನನ್ನದೇ. ನಾನು ಬಿದ್ದ ಸುದ್ದಿಯನ್ನು ಪಕ್ಕದ ಮನೆಯವರ ಬಾಯಿಂದ ನೀನು ಕೇಳಬಾರದಿತ್ತು.

ನಿನ್ನ ಅವ್ವನನ್ನು ಡಯಾಲಿಸಿಸ್‌ಗೆ ಹಚ್ಚಿದ್ದರು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನನಗೆ ಸೊಂಟದಿಂದ ಕಿಬ್ಬೊಟ್ಟೆಗೆ ನೋವು ಇಳಿದು, ಅಲ್ಲೇ ಕುಸಿದೆ. ಮೂತ್ರಕೋಶದ ದಾರಿಯಲ್ಲಿ ಆರು ಮಿಲಿಮೀಟರ್ ಕಲ್ಲು. ರಕ್ತದೊತ್ತಡ 170. ಗುಳಿಗೆ ತಪ್ಪಿಸಿ ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದರೆ ಮಾತು ಬರಲಿಲ್ಲ. ಅವಳ ಗುಳಿಗೆಗಳ ಹೊತ್ತು ಮಾತ್ರ ಬಾಯಿಪಾಠ. ರಾತ್ರಿ ಮೂರು ಸಲ ಎದ್ದು ಅವಳ ಎಡಗೈಯಲ್ಲಿ ಡಯಾಲಿಸಿಸ್ ಸೂಜಿಗಾಗಿ ರಕ್ತನಾಳ ಜೋಡಿಸಿದ ಫಿಸ್ಟುಲಾ ರಕ್ತ ಹರಿದು ಜುಮ್ಮೆನ್ನುತ್ತಿದೆಯೇ ಎಂದು ಮುಟ್ಟಿ ನೋಡುವವನಿಗೆ ನಿದ್ದೆಯಾದರೂ ಎಲ್ಲಿಯದು?

ಕಲ್ಲು ಹೇಗಾಯಿತು ಎಂದು ಕೇಳಿದೆಯಲ್ಲ. ಹೋದ ಮೇ ತಿಂಗಳ ಮಾತು. ಅವಳಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು. ಚಹಾ, ಮಜ್ಜಿಗೆ, ಸಾರು ಎಲ್ಲ ಅದರಲ್ಲೇ. ಹೆಚ್ಚಾದರೆ ಮೈಯಲ್ಲಿ ನಿಂತು ಉಸಿರಿಗೆ ಬರುತ್ತದೆ. ಬೆಳಿಗ್ಗೆ ಅಳೆದು ತಂಬಿಗೆಯಲ್ಲಿ ಇಡುತ್ತಿದ್ದೆ. ಅಂದು ಮಧ್ಯಾಹ್ನ ತಂಬಿಗೆ ಬರಿದಾಗಿತ್ತು. ಬಿಸಿಲಿನಿಂದ ಬಂದವನು ಗಡಿಗೆಯಿಂದ ಮೊಗೆದು ಗಟಗಟ ಕುಡಿದೆ. ತಿರುಗಿದರೆ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ಕೇಳಲಿಲ್ಲ. ಇಳಕಲ್ ಸೀರೆಯ ಕೆಂಪು ಸೆರಗಿನ ತುದಿಯನ್ನು ಗಡಿಗೆಯ ತೇವಕ್ಕೆ ಒರೆಸಿ ತುಟಿಗೆ ಒತ್ತಿಕೊಂಡಳು. ಆ ಒದ್ದೆ ಸೆರಗು ಇದನ್ನು ಬರೆಯುವಾಗಲೂ ಕಣ್ಣ ಮುಂದಿದೆ. ಅಂದಿನಿಂದ ಅವಳೆದುರು ನೀರು ಗಂಟಲಿಗೆ ಇಳಿಯಲಿಲ್ಲ. ದಿನವಿಡೀ ಅವಳೆದುರೇ ಇರುವವನು ಮತ್ತೆಲ್ಲಿ ಕುಡಿಯಲಿ?

ನೀನು ಕಳಿಸಿದ್ದನ್ನು ಓದಿದೆ. ಸಂಗಾತಿಯ ಆರೈಕೆಯ ಹೊರೆಯಿಂದ ಬಳಲಿದವರು ನಾಲ್ಕು ವರ್ಷಗಳೊಳಗೆ ಸಾಯುವ ಅಪಾಯ, ಅಂಥ ಆರೈಕೆಯ ಹೊಣೆ ಇಲ್ಲದವರಿಗಿಂತ ಶೇ 63ರಷ್ಟು ಹೆಚ್ಚು ಎಂದು ಅಮೆರಿಕದ 1999ರ ಅಧ್ಯಯನ ಹೇಳುತ್ತದೆ, ಸರಿ. ಆದರೆ ಅವರೆಲ್ಲ 66 ತುಂಬಿದವರು. ನನಗಿನ್ನೂ 64!

ನೌಕರಿ ಬಿಟ್ಟು ಬರುವ ಮಾತು ಬೇಡ. ನಮ್ಮ ಓಣಿಯ ಮೊದಲ ಇಂಜಿನಿಯರ್ ಹುಡುಗಿ ನೀನು. ನಾನು ಈಗಲೂ ಅಂಗಡಿಯವನಿಗೆ ಅದನ್ನೇ ಹೇಳುತ್ತೇನೆ. ನೀನೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸು. ಉಪ್ಪಿನಕಾಯಿ ಕಡಿಮೆ ಮಾಡು. ತಲೆನೋವೆಂದು ದಿನವೂ ನೋವಿನ ಮಾತ್ರೆ ನುಂಗಬೇಡ, ಮೂತ್ರಪಿಂಡಕ್ಕೆ ಅದು ಒಳ್ಳೆಯದಲ್ಲ. ಕಚೇರಿಯಲ್ಲಿ ನೀರು ಕುಡಿಯುವುದನ್ನು ಮುಂದೂಡಬೇಡ. ಯಾರು ಯಾರಿಗೆ ಹೇಳುವುದು ಎಂದು ನಗುತ್ತೀಯೇನೋ. ಮೇಷ್ಟ್ರ ಚಾಳಿ, ಹೋಗುವುದಿಲ್ಲ.

ಈಗ ನನಗೆ ಮೂರು ಲೀಟರ್ ಕುಡಿಯಬೇಕೆಂದು ಹೇಳಿದ್ದಾರೆ. ಹಿತ್ತಲಿಗೆ ಹೋಗಿ ಕುಡಿಯುತ್ತಿದ್ದೆ. ನಿನ್ನೆ ಅವಳೇ ತಂಬಿಗೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು, "ಕಳ್ಳನ ಹಾಗೆ ಯಾಕೆ ಕುಡಿಯುತ್ತೀರಿ?" ಎಂದಳು.

ಶನಿವಾರ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಬರುವುದಾದರೆ ಬಾಳೆಹಣ್ಣು, ಎಳನೀರು ತರಬೇಡ. ಪೊಟ್ಯಾಸಿಯಂ ಏರುತ್ತದೆ, ಅವಳಿಗೆ ಆಗದು. ನಸುಕಿನಲ್ಲಿ ಒಬ್ಬಳೇ ಆಟೊ ಹತ್ತಬೇಡ, ನಿಲ್ದಾಣಕ್ಕೆ ನಾನೇ ಬರುತ್ತೇನೆ. ಬಾಟಲಿಯೂ ಜೊತೆಗಿರುತ್ತದೆ, ಬೇಕಾದರೆ ಎಷ್ಟು ಕುಡಿದಿದ್ದೇನೆಂದು ನೋಡಿಕೋ.

ನಿನ್ನ ಅಪ್ಪ