ಸೋಮವಾರದ ಪಟ್ಟಿ

ಮಗಳೇ,

ಪಾರ್ಸಲ್ ಬಿಚ್ಚಿದರೆ ಮೇಲೆ ಹಲಸಿನ ಹಪ್ಪಳ, ಅದರಡಿ ಅಮ್ಮನ ಮಿಡಿ ಉಪ್ಪಿನಕಾಯಿ, ಅದರಡಿ ಈ ಕಾಗದ. ಎಣ್ಣೆ ತಾಗಿದ್ದರೆ ಬೈಯಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವು ತುಳು ಮಾತಾಡುವುದು, ತುಳುವಿನಲ್ಲಿ ನಮ್ಮಿಬ್ಬರಿಗೆ ಎರಡನೇ ನಿಮಿಷಕ್ಕೆ ಜಗಳ. ಕನ್ನಡದಲ್ಲಿ ಬರೆಯುವಾಗ ನಾನು ಸ್ವಲ್ಪ ಒಳ್ಳೆಯವನಾಗುತ್ತೇನೆ.

ಆವತ್ತು ನಡುರಾತ್ರಿ ಉಡುಪಿಯ ಇಂದ್ರಾಳಿ ಸ್ಟೇಷನ್‌ನಲ್ಲಿ, ನರ್ಸ್ ಕೆಲಸಕ್ಕೆ ದೆಹಲಿಗೆ ಹೊರಟ ನಿನ್ನನ್ನು ಮಂಗಳಾ ಎಕ್ಸ್‌ಪ್ರೆಸ್ ಹತ್ತಿಸಿ ಮನೆಗೆ ಬಂದೆವು. ನೀರು ಕುಡಿಯಲು ಹೋದರೆ, ದೆಹಲಿಯಲ್ಲಿ ನೋಡುವ ಜಾಗಗಳದ್ದು ಅಂತ ನಾನು ಬರೆದುಕೊಟ್ಟ ಪಟ್ಟಿ ಫ್ರಿಜ್ಜಿನ ಮೇಲಿತ್ತು. ಅದರ ಮೇಲೊಂದು ಸ್ಟೀಲ್ ಲೋಟ. ಮರೆತು ಹೋದದ್ದಲ್ಲ. ಮರೆತವರು ಹಾರಿ ಹೋಗದಂತೆ ಲೋಟ ಇಟ್ಟು ಹೋಗುವುದಿಲ್ಲ.

ಊಟದ ಹೊತ್ತಿಗೆ ನೀನು ಹೇಳಿದ್ದು ಸರಿಯಾಗಿ ಕೇಳಿಸಿತ್ತು. ‘ನಾನೀಗ ಸಂಬಳ ತೆಗೆದುಕೊಳ್ಳುವವಳು ಅಪ್ಪಾ, ಪುಕ್ಕಟೆ ಜಾಗದ ಪಟ್ಟಿ ನನಗೆ ಬೇಡ. ಕನಕನ ಕಿಂಡಿಯಿಂದ ಕೃಷ್ಣನನ್ನು ನೋಡಿದ ಹಾಗೆ ನಮಗೆ ದೆಹಲಿ ತೋರಿಸಿದವರು ನೀವು.’ ಪಕ್ಕದ ಮನೆಯವರು ನಕ್ಕರು. ನಾನೂ ನಕ್ಕೆ. ಮಾತು ಚೆನ್ನಾಗಿತ್ತು, ನಗದೆ ಎಂಥ ಮಾಡುವುದು?

ಆದರೆ ಪಟ್ಟಿಯನ್ನು ನೀನು ಓದಿರಲಿಲ್ಲ. ಓದಿದ್ದರೆ ಗೊತ್ತಾಗುತ್ತಿತ್ತು, ಅದು ಪುಕ್ಕಟೆ ಜಾಗದ ಪಟ್ಟಿ ಅಲ್ಲ. ಸೋಮವಾರದ ಪಟ್ಟಿ. ನಿನಗೆ ವಾರದ ರಜೆ ಸೋಮವಾರ ಅಂತ ಕೆಲಸದ ಕಾಗದ ಬಂದ ದಿನವೇ ಹೇಳಿದ್ದಿ. ದೆಹಲಿಯಲ್ಲಿ ಸೋಮವಾರ ಅಂದರೆ ಅರ್ಧ ಊರಿಗೆ ಬೀಗ. ಕೆಂಪುಕೋಟೆ ಇಲ್ಲ, ಲೋಟಸ್ ಟೆಂಪಲ್ ಇಲ್ಲ, ನ್ಯಾಷನಲ್ ಮ್ಯೂಸಿಯಂ ಇಲ್ಲ, ಗಾಂಧಿ ಸ್ಮೃತಿ ಇಲ್ಲ. ಹೊಸಬಳು, ಇದ್ದ ಒಂದೇ ರಜೆಯಲ್ಲಿ ಅಷ್ಟು ದೂರ ಹೋಗಿ ಗೇಟು ಮುಟ್ಟಿ ವಾಪಸ್ ಬರಬಾರದು ಅಂತ ಮೂರು ಸಂಜೆ ಕೂತು ಬರೆದದ್ದು. ಸೋಮವಾರವೂ ತೆರೆದಿರುವ ಜಾಗಗಳಲ್ಲಿ ಹೆಚ್ಚಿನವು ಪುಕ್ಕಟೆ. ಅದು ನನ್ನ ತಪ್ಪಲ್ಲ.

ಲೋಧಿ ಗಾರ್ಡನ್ ಮೊದಲು ಬರೆದಿದ್ದೆ. ಗೇಟಿನಲ್ಲಿ ಟಿಕೆಟ್ ಇಲ್ಲ, ಕೇಳುವವರೂ ಇಲ್ಲ. ಸುಮಾರು 90 ಎಕರೆ. ಸಿಕಂದರ್ ಲೋದಿ ಸತ್ತದ್ದು 1517ರಲ್ಲಿ, ಅವನ ಗೋರಿಯ ಸುತ್ತ ಈಗ ಜನ ವಾಕಿಂಗ್ ಮಾಡುತ್ತಾರೆ. ಬ್ರಿಟಿಷರು ಅಲ್ಲಿದ್ದ ಹಳ್ಳಿಯವರನ್ನು ಎಬ್ಬಿಸಿ 1936ರಲ್ಲಿ ಅದನ್ನು ಪಾರ್ಕ್ ಮಾಡಿ, ವೈಸರಾಯ್ ಹೆಂಡತಿಯ ಹೆಸರಿಟ್ಟರು. ಎಬ್ಬಿಸಿದವರು ಎಲ್ಲಿ ಹೋದರೋ. ಕನ್ನಾಟ್ ಪ್ಲೇಸ್ ಹತ್ತಿರ ಹೇಲಿ ರೋಡ್‌ನಲ್ಲಿ ಅಗ್ರಸೇನ್ ಕೀ ಬಾವಲಿ ಉಂಟು. ದೊಡ್ಡ ಕಟ್ಟಡಗಳ ನಡುವೆ 60 ಮೀಟರ್ ಉದ್ದದ ಮೆಟ್ಟಿಲು ಬಾವಿ. ನಮ್ಮ ಕಡೆ ಬಾವಿ ಅಂದರೆ ಬಗ್ಗಿ ನೋಡುವುದು. ಅಲ್ಲಿ ಇಳಿದು ಹೋಗಿ ಕೂರುವುದು.

ನೀನು ರೈಲು ಇಳಿದ ನಿಜಾಮುದ್ದೀನ್ ಸ್ಟೇಷನ್ನಿಗೆ ಆ ಹೆಸರು ಬಂದದ್ದು ಹತ್ತಿರದ ದರ್ಗಾದಿಂದ. ಗುರುವಾರ ಸಂಜೆ ಅಲ್ಲಿ ಕವ್ವಾಲಿ. ಗುರು ನಿಜಾಮುದ್ದೀನ್, ಶಿಷ್ಯ ಅಮೀರ್ ಖುಸ್ರೋ, ಇಬ್ಬರೂ ತೀರಿಕೊಂಡದ್ದು 1325ರಲ್ಲೇ, ಒಂದೇ ಅಂಗಳದಲ್ಲಿ ಮಲಗಿದ್ದಾರೆ. ಗೋರಿ ಇರುವ ಒಳಕೋಣೆಗೆ ಹೆಂಗಸರನ್ನು ಬಿಡುವುದಿಲ್ಲ. ಕಲ್ಲಿನ ಜಾಲರಿಯ ಹೊರಗೆ ಕೂತು ನೋಡಬೇಕು. ಇದನ್ನು ಬರೆಯುವಾಗ ನಿನ್ನ ಕಿಂಡಿಯ ಮಾತು ನೆನಪಾಗಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಆದರೆ ನಾನು ಹೇಳಹೊರಟದ್ದು ಇದಲ್ಲ. ಪಟ್ಟಿಯಲ್ಲಿ ಒಂದು ಹೆಸರು ಬರೆದು, ಹೊಡೆದು ಹಾಕಿ, ಪುನಃ ಬರೆದಿದ್ದೇನೆ. ಬಂಗ್ಲಾ ಸಾಹಿಬ್ ಗುರುದ್ವಾರ.

2011ರ ಡಿಸೆಂಬರ್. ರೈಲಿನಲ್ಲಿ ಹೋದದ್ದು, ಚಳಿಗೆ ಮೂವರೂ ಒಂದೇ ರಜಾಯಿಯಲ್ಲಿ ಮಲಗಿದ್ದು ನಿನಗೆ ನೆನಪಿದೆ, ಬಿಡು. ಆ ಮಧ್ಯಾಹ್ನ ಅಮ್ಮನಿಗೆ ಜ್ವರ. ಅವಳನ್ನು ಲಾಡ್ಜಿನಲ್ಲಿ ಬಿಟ್ಟು ನಾವಿಬ್ಬರೇ ಹೊರಟೆವು. ಆಟೋಗೆ 40 ರೂಪಾಯಿ ಅಂತ ಮಾತಾಯಿತು. ನಾನು 50ರ ನೋಟು ಕೊಟ್ಟೆ. ಅವನು ಚಿಲ್ಲರೆ ಇಲ್ಲ ಅಂದ.

26 ವರ್ಷ ಉಡುಪಿ–ಮಂಗಳೂರು ಬಸ್ಸಿನಲ್ಲಿ ಕಂಡಕ್ಟರಾಗಿ ‘ರೈಟ್ ಪೋಯಿ’ ಅಂದವನು ನಾನು. ಆ ‘ಚಿಲ್ಲರೆ ಇಲ್ಲ’ ಅನ್ನುವ ಮಾತನ್ನು ಎಷ್ಟು ಸಾವಿರ ಜನರಿಗೆ ಹೇಳಿದ್ದೇನೋ. ಅದು ಯಾವಾಗ ನಿಜ, ಯಾವಾಗ ಸುಳ್ಳು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ಜೇಬು ಉಬ್ಬಿತ್ತು. ಹಿಂದಿ ಬಾರದ್ದಕ್ಕೆ ಸುಮ್ನೆ ಇಳಿದೆ. ಚಪ್ಪಲಿ ಕೊಟ್ಟು ಟೋಕನ್ ತೆಗೆದುಕೊಂಡೆವು, ಕಾಲು ತೊಳೆದೆವು, ನಿನ್ನ ತಲೆಗೆ ನನ್ನ ಕರ್ಚೀಫ್ ಕಟ್ಟಿದೆ. ಆಗ ಗೇಟಿನಾಚೆ ಅದೇ ಆಟೋ ನಿಂತದ್ದು ಕಂಡಿತು.

‘ಇಲ್ಲೇ ನಿಲ್ಲು, ಈಗ ಬಂದೆ’ ಅಂದೆ. ನಿನಗೆ 9 ವರ್ಷ.

ಮದುವೆ ಮನೆಗಳಲ್ಲಿ ಈ ಕಥೆಯನ್ನು ನಾನು ಹೇಗೆ ಹೇಳುತ್ತೇನೆ ಅಂತ ನಿನಗೆ ಗೊತ್ತು. ‘ಇವಳು ದೆಹಲಿಯಲ್ಲಿ ನನ್ನ ಕೈ ಬಿಡಿಸಿಕೊಂಡು ಓಡಿದವಳು.’ ಆವತ್ತು ಊಟಕ್ಕೆ ಕೂತಾಗಲೂ ಅದನ್ನೇ ಹೇಳಿದೆ. ನೀನು ಕಿಂಡಿಯ ಮಾತು ಹೇಳಿದ್ದು ಅದಾದ ಮೇಲೆ. ಪಟ್ಟಿಯ ಸಿಟ್ಟಲ್ಲ ಅದು, ಈ ಕಥೆಯ ಸಿಟ್ಟು. ನನಗೆ ರೈಲು ಹೋದ ಮೇಲೆ ಹೊಳೆಯಿತು.

ನೀನು ಕೈ ಬಿಡಿಸಿಕೊಳ್ಳಲಿಲ್ಲ. ನಾನು ಬಿಟ್ಟು ಹೋದೆ. ಬರಿಗಾಲಿನಲ್ಲಿ, ಆ ಚಳಿಯಲ್ಲಿ, 10 ರೂಪಾಯಿಗೆ. ಅವನು ನಗಾಡಿಕೊಂಡು ಚಾ ಅಂಗಡಿಗೆ ಹೋಗಿ ನೋಟು ಮುರಿಸಿ ತಂದು ಕೊಟ್ಟ. ಅದಕ್ಕೆಷ್ಟು ಹೊತ್ತು ಆಯಿತೋ. ಗೆದ್ದವನ ಹಾಗೆ ವಾಪಸ್ ಬಂದರೆ ನೀನಿಲ್ಲ. ಅಮ್ಮನಿಗೆ ನಾನು ಹೇಳಿದ್ದು ಐದು ನಿಮಿಷ. ಐದು ಅಲ್ಲ. ನಾನು ಗುರುದ್ವಾರದ ಆ ಕೊಳವನ್ನು ಎರಡು ಸುತ್ತು ಬಂದಿದ್ದೇನೆ. ಮೊದಲ ಸುತ್ತಿನಲ್ಲಿ ಜನರ ಮುಖ ನೋಡಿದೆ. ಎರಡನೇ ಸುತ್ತಿನಲ್ಲಿ ನೀರು ನೋಡಿದೆ. ಈಗಲೂ ನಮ್ಮ ಮಧ್ವ ಸರೋವರದ ಹತ್ತಿರ ಮಕ್ಕಳು ಬಗ್ಗಿದರೆ ನನಗೆ ಹೊಟ್ಟೆ ತೊಳೆಸುತ್ತದೆ. ಯಾಕೆ ಅಂತ ಅಮ್ಮನಿಗೆ ಗೊತ್ತಿಲ್ಲ.

ನೀನು ಸಿಕ್ಕಿದ್ದು ಲಂಗರ್‌ನಲ್ಲಿ, ಅಂದರೆ ಅವರು ಎಲ್ಲರಿಗೂ ಊಟ ಬಡಿಸುವ ಕಡೆ. ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬಿಳಿ ದುಪಟ್ಟಾದ ಒಬ್ಬ ಅಜ್ಜಿಯ ಪಕ್ಕ ದಾಲ್ ರೊಟ್ಟಿ ತಿನ್ನುತ್ತಿದ್ದಿ. ರೊಟ್ಟಿಯನ್ನು ಹೇಗೆ ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು ಅಂತ ನೀನು ನನಗೇ ಹೇಳಿಕೊಟ್ಟಿ. ನಾನು ನಿನ್ನ ಬೆನ್ನಿಗೊಂದು ಏಟು ಕೊಟ್ಟು, ‘ಎಲ್ಲಿಗೆ ಓಡಿದ್ದು’ ಅಂದೆ. ಕಥೆ ಸುಳ್ಳಾದದ್ದು ಅಲ್ಲಿಂದ. ಅಜ್ಜಿ ನನ್ನನ್ನು ಬೈದರು. ಭಾಷೆ ತಿಳಿಯಲಿಲ್ಲ, ಬೈಗುಳ ತಿಳಿಯಿತು. ಬೈದ ಮೇಲೆ ನನ್ನ ಮುಂದೆಯೂ ತಟ್ಟೆ ಇಟ್ಟರು.

ಅಲ್ಲಿ ಹಗಲು ರಾತ್ರಿ ಊಟ, ಯಾರಿಗೂ ದುಡ್ಡಿಲ್ಲ, ಯಾರ ಜಾತಿಯನ್ನೂ ಕೇಳುವುದಿಲ್ಲ, ಒಂದೇ ಸಾಲು. ನಮ್ಮೂರಿನಲ್ಲಿ ಪಂಕ್ತಿ ಅನ್ನುವ ಒಂದು ಶಬ್ದಕ್ಕೆ ಎಷ್ಟು ಗಲಾಟೆ ಆಗಿದೆ ನೋಡು. ಆ ಜಾಗದ ಕಥೆ ಆಮೇಲೆ ಓದಿದೆ. ಸಿಖ್ಖರ ಎಂಟನೇ ಗುರು ಹರ್‌ಕಿಶನ್ 1664ರಲ್ಲಿ ಅಲ್ಲಿ ಉಳಿದಿದ್ದರು. ಊರಲ್ಲಿ ಸಿಡುಬು, ಕಾಲರಾ. ಅಲ್ಲಿದ್ದ ಬಾವಿಯ ನೀರನ್ನು ರೋಗಿಗಳಿಗೆ ಕೊಟ್ಟರಂತೆ. ಕೊನೆಗೆ ಸಿಡುಬಿನಲ್ಲೇ ಹೋದರು. ಆಗ ಅವರಿಗೆ ಎಂಟು ತುಂಬಿರಲಿಲ್ಲ. ನಿನಗಿಂತ ಚಿಕ್ಕ ಹುಡುಗ. ಜಗತ್ತಿಗೇ ಪುಕ್ಕಟೆ ಬಡಿಸುವ ಬಾಗಿಲಲ್ಲಿ ನಿಂತು ನಾನು 10 ರೂಪಾಯಿ ಹಿಂದೆ ಹೋಗಿದ್ದೆ. ಆ ನೋಟನ್ನು ಹುಂಡಿಗೆ ಹಾಕಿದೆ ಅಂತ ಬರೆದರೆ ಚಂದ ಇರುತ್ತಿತ್ತು. ಹಾಕಲಿಲ್ಲ. ಮರುದಿನ ಚಾ ಕುಡಿದೆ.

ಕುತುಬ್ ಮಿನಾರ್ ವಿಷಯವೂ ಹೇಳಿಬಿಡುತ್ತೇನೆ. ಆಗ ಟಿಕೆಟ್ 10 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ನಿನ್ನನ್ನೂ ಅಮ್ಮನನ್ನೂ ಒಳಗೆ ಕಳಿಸಿ, ಕಾಲುನೋವು ಅಂತ ನಾನು ಹೊರಗೆ ಕೂತೆ. ಕಾಲುನೋವು ಇರಲಿಲ್ಲ. ಚಿಟ್ ಫಂಡ್ ದುಡ್ಡು ಮುಗಿಯುತ್ತಾ ಬಂದಿತ್ತು, ಆದರೆ 10 ರೂಪಾಯಿಗೆ ಮುಗಿಯುವಷ್ಟು ಅಲ್ಲ. ಅದು ಜಿಪುಣತನವೇ. 72 ಮೀಟರ್ ಎತ್ತರದ್ದು ಹೊರಗಿನಿಂದಲೇ ಕಾಣುತ್ತದಲ್ಲ, ಒಳಗೆ ಯಾಕೆ ಅಂತ ಲೆಕ್ಕ ಹಾಕಿದೆ. ನೀನು ಹೊರಗೆ ಬಂದು, 1600 ವರ್ಷದ ಕಬ್ಬಿಣದ ಕಂಬ, ತುಕ್ಕೇ ಹಿಡಿದಿಲ್ಲ ಅಂತ ಕುಣಿದಿ. ಮಲ್ಪೆಯ ಉಪ್ಪು ಗಾಳಿಗೆ ಎರಡು ಮಳೆಗಾಲದಲ್ಲಿ ಗೇಟು ಉದುರುವುದನ್ನು ನೋಡಿದ ನಾನು ನಂಬಲಿಲ್ಲ. ಆ ಕಂಬ ಇನ್ನೂ ನೋಡಿಲ್ಲ.

ಇನ್ನು ಕೆಲವು ಮಾತು, ಬೈಯದೆ ಓದು. ಮೆಟ್ರೋದಲ್ಲಿ ಮೊದಲ ಡಬ್ಬಿ ಹೆಂಗಸರದ್ದು, ರಾತ್ರಿ ಡ್ಯೂಟಿ ಮುಗಿಸಿ ಬರುವಾಗ ಅದರಲ್ಲೇ ಕೂರು. ಸ್ಮಾರ್ಟ್ ಕಾರ್ಡ್ ಮಾಡಿಸು, ಪ್ರತಿ ಸಲ 10 ಪರ್ಸೆಂಟ್ ಉಳಿಯುತ್ತದೆ. ದೆಹಲಿಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತ ಮಾಡಿದ್ದು 2019ರಲ್ಲಿ, ನಮ್ಮ ಶಕ್ತಿ ಯೋಜನೆ 2023ರಲ್ಲಿ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಹಾಗಾಗಿ ಅಮ್ಮನಿಗೆ ಅದರಿಂದ ಸಿಕ್ಕಿದ್ದು ಅಷ್ಟಕ್ಕಷ್ಟೆ. ಅಲ್ಲಿ ಈಗ ಯಾವ ಕಾರ್ಡ್ ಬೇಕು ಅಂತ ಕಂಡಕ್ಟರನ್ನೇ ಕೇಳು. ಚಿಲ್ಲರೆಗೆ ಅವನ ಹತ್ತಿರ ಜಗಳ ಆಡಬೇಡ. ಲೋಧಿ ಗಾರ್ಡನ್‌ನಿಂದ ಕತ್ತಲಾಗುವ ಮೊದಲು ಹೊರಡು. ಈ ತಿಂಗಳು ಅಲ್ಲಿ ಗಾಳಿ ಹೊಗೆಯಂತಿರುತ್ತದೆ, ಮಾಸ್ಕ್ ಹಾಕು. ನರ್ಸಿಗೆ ಮಾಸ್ಕ್ ಹಾಕು ಅಂತ ಹೇಳುವವನು ನಾನೊಬ್ಬನೇ ಇರಬೇಕು. ಯಾರಾದರೂ ‘ಇವತ್ತು ಅದು ಬಂದ್, ಬನ್ನಿ ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ’ ಅಂದರೆ ನಂಬಬೇಡ. ಸೋಮವಾರ ಮಾತ್ರ ಅರ್ಧ ನಂಬು.

ನೋಡು, ಕಾಗದ ಎಲ್ಲಿಂದ ಎಲ್ಲಿಗೋ ಬಂತು. ಸರ್ವಿಸ್ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದಿನಾ ಒಬ್ಬರಿಗಾದರೂ ಹೇಳುತ್ತೇನೆ, ಮಗಳು ದೆಹಲಿಯ ಆಸ್ಪತ್ರೆಯಲ್ಲಿ ನರ್ಸ್ ಅಂತ. ಕೇಳದವರಿಗೂ ಹೇಳುತ್ತೇನೆ. ನಿನ್ನೆ ಒಬ್ಬರು ಚಾದ ದುಡ್ಡು ಅವರೇ ಕೊಟ್ಟರು.

ಡ್ಯೂಟಿ ಬದಲಾಗಿ ಬೇರೆ ದಿನ ರಜೆ ಸಿಕ್ಕಿದರೆ ನ್ಯಾಷನಲ್ ಮ್ಯೂಸಿಯಂಗೆ ಹೋಗು, 20 ರೂಪಾಯಿ. ಮೊಹೆಂಜೊದಾರೊದ ನರ್ತಕಿಯ ಗೊಂಬೆ ಉಂಟು. ಪಾಠದ ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತದೆ, ನಿಜಕ್ಕೂ 10.5 ಸೆಂಟಿಮೀಟರ್, ಒಂದು ಸಣ್ಣ ಬೂತಾಯಿ ಮೀನಿನಷ್ಟು. ಸೊಂಟದ ಮೇಲೆ ಕೈಯಿಟ್ಟು ನಿಂತ ಗತ್ತು ಮಾತ್ರ ನಿನ್ನದೇ. ಗಾಂಧೀಜಿ ಕೊನೆಯ 144 ದಿನ ಇದ್ದ ಮನೆ, ಆ ಗಾಂಧಿ ಸ್ಮೃತಿಗೆ ಪುನಃ ಹೋಗು. ಅವರು ಕೋಣೆಯಿಂದ ಪ್ರಾರ್ಥನೆಗೆ ನಡೆದು ಹೋದ ದಾರಿಯಲ್ಲಿ ಸಿಮೆಂಟಿನ ಹೆಜ್ಜೆಗಳಿವೆ. ಒಂದು ಕಡೆ ಹೆಜ್ಜೆ ನಿಲ್ಲುತ್ತದೆ. ನೀನು ಆಗ ಆ ಹೆಜ್ಜೆಗಳ ಪಕ್ಕ ನಿನ್ನ ಪಾದ ಇಟ್ಟು ಅಳತೆ ನೋಡಿದ್ದಿ, ಕಾವಲಿನವರು ಏನೂ ಅನ್ನಲಿಲ್ಲ. ಅದಕ್ಕೂ ಟಿಕೆಟ್ ಇಲ್ಲ. ನವೆಂಬರ್ 19ಕ್ಕೆ, ಏಪ್ರಿಲ್ 18ಕ್ಕೆ ಕುತುಬ್, ಹುಮಾಯೂನ್ ಗೋರಿಗೂ ಟಿಕೆಟ್ ಇಲ್ಲದೆ ಬಿಡುತ್ತಾರೆ. ಆಯಿತು, ಮತ್ತೆ ಪುಕ್ಕಟೆ ಅಂದೆ. ಹೇಳುವುದಿಲ್ಲ.

ಪಟ್ಟಿಯನ್ನು ಇದರ ಜೊತೆಗೇ ಮಡಚಿ ಇಟ್ಟಿದ್ದೇನೆ. ಬೇಡವಾದರೆ ಹಪ್ಪಳ ಕರಿದಿಡುವಾಗ ಅಡಿಗೆ ಹಾಕು.

ಅಮ್ಮನಿಗೆ ಈ ಕಾಗದ ತೋರಿಸಲಿಲ್ಲ. ನಾನೇ ಹೇಳುತ್ತೇನೆ, ಈ ವಾರ. ನೀನು ಫೋನಿನಲ್ಲಿ ಮೊದಲು ಹೇಳಿಬಿಡಬೇಡ.

ಫೆಬ್ರವರಿಯಲ್ಲಿ ನಾವಿಬ್ಬರೂ ಬರುತ್ತೇವೆ. ಕುತುಬ್ ಮಿನಾರಿಗೆ ಈ ಸಲ ಮೂರು ಟಿಕೆಟ್. ದುಡ್ಡು ನಾನೇ ಕೊಡುವುದು. ಕೌಂಟರಿನಲ್ಲಿ 40 ಅಂತೆ, ಆನ್‌ಲೈನ್‌ನಲ್ಲಿ 35. ಮೊಬೈಲಿನಲ್ಲಿ ನೀನೇ ತೆಗಿ, ತಲೆಗೆ ಐದೈದು ರೂಪಾಯಿ ಉಳಿಯುತ್ತದಲ್ವಾ.

ನಿನ್ನ ಅಪ್ಪ