ಗೇರ್ ಎಣಿಸುವ ಮುನ್ನ ಹಬ್ ನೋಡಿ

ಮಾನ್ಯ ಸಂಪಾದಕರೇ,

ಕಚೇರಿಗೆ ಓಡಾಡಲು ಸೈಕಲ್ ಕೊಳ್ಳುವವರು ಗೇರ್ ಎಷ್ಟೆಂದು ಕೇಳುತ್ತಾರೆ, ಹಿಂದಿನ ಹಬ್ (ಗಾಲಿಯ ನಡುಭಾಗ) ನೋಡುವುದಿಲ್ಲ. ಅಗ್ಗದ 7 ಗೇರಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಹಬ್‌ಗೆ ತಿರುಗಿಸಿ ಕೂರಿಸುವ ಫ್ರೀವೀಲ್ (ಹಲ್ಲುಚಕ್ರಗಳ ಗುಚ್ಛ) ಇರುತ್ತದೆ. ಇದರಲ್ಲಿ ಬಲಬದಿಯ ಬೇರಿಂಗ್ ಒಳಕ್ಕೆ ಸರಿದಿರುವುದರಿಂದ ಆಕ್ಸಲ್‌ನ (ಗಾಲಿಯ ಅಚ್ಚಿನ) ತುದಿಗೆ ಆಸರೆಯಿಲ್ಲ. ಭಾರ ಹೊತ್ತು ಗುಂಡಿ, ಹಂಪ್‌ಗಳಲ್ಲಿ ಇಳಿಸಿದರೆ ಬಾಗುತ್ತದೆ, ಮುರಿಯುವುದೂ ಉಂಟು. ದುಡ್ಡು ಹೆಚ್ಚಾದರೂ ಬೇರಿಂಗ್ ಆಕ್ಸಲ್ ತುದಿಗೆ ಹತ್ತಿರವಿರುವ ಫ್ರೀಹಬ್, ಅದರ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಕ್ಯಾಸೆಟ್ ಇರುವುದನ್ನೇ ಕೇಳಿ.

ಸ್ಟೀಲ್ ರಿಮ್ ಮಳೆಯಲ್ಲಿ ಒದ್ದೆಯಾದರೆ ಅದಕ್ಕೆ ಒತ್ತುವ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ರಿಮ್ ಬೇಕು.

ಚೈನ್ ಅನ್ನು ಸ್ಕೇಲ್ ಇಟ್ಟು ಅಳೆಯಿರಿ. ಪಿನ್ನಿನಿಂದ ಪಿನ್ನಿಗೆ 12 ಇಂಚು ಇರಬೇಕಾದ ಕಡೆ 1/16 ಇಂಚು ಹೆಚ್ಚಿದರೆ ಬದಲಿಸಿ. 1/8 ಇಂಚಿನವರೆಗೆ ಬಿಟ್ಟರೆ ಕ್ಯಾಸೆಟ್ಟಿನ ಹಲ್ಲುಗಳೂ ಸವೆದು, ಹೊಸ ಚೈನ್ ಹಾಕಿದರೂ ಜಿಗಿಯುತ್ತದೆ. ಹಬ್, ರಿಮ್ ಯಾವುದೆಂದು ಅಂಗಡಿಯವರು ಬೆಲೆಚೀಟಿಯಲ್ಲೇ ಬರೆಯಲಿ.

– ಸೈಕಲ್ ಸವಾರರು, ಮೈಸೂರು