ಒರೊಮೊ–ಜಪಾನಿ: ಹೋಲಿಕೆಯೆಲ್ಲ ನಂಟಲ್ಲ

ಮಾನ್ಯ ಸಂಪಾದಕರೇ,

ಒರೊಮೊ ಮತ್ತು ಜಪಾನಿ ಭಾಷೆಗಳೆರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಎಂಬ ಕಾರಣಕ್ಕೆ ಅವುಗಳಿಗೆ ನಂಟು ಕಟ್ಟುವುದು ಸರಿಯಲ್ಲ. ಇಥಿಯೋಪಿಯಾ ಮತ್ತು ಕೆನ್ಯಾಗಳಲ್ಲಿ ಆಡುವ ಒರೊಮೊ ಆಫ್ರೋ-ಏಷ್ಯಾಟಿಕ್ ಕುಟುಂಬದ ಕುಷಿಟಿಕ್ ಶಾಖೆಗೆ ಸೇರಿದ್ದರೆ, ಜಪಾನಿಗೆ ಜಪಾನಿನ ದಕ್ಷಿಣದ ರ್ಯುಕ್ಯು ದ್ವೀಪಗಳ ನುಡಿಗಳೇ ಹತ್ತಿರದ ಬಳಗ.

ಹೋಲಿಕೆ ಇರುವುದು ನಿಜ, ಅದು ಸೊಗಸಾಗಿಯೂ ಇದೆ. ಒರೊಮೊದಲ್ಲಿ ‘ಬದಾ’ ಎಂದರೆ ಕೆಟ್ಟದ್ದು, ‘ಬದ್ದಾ’ ಎಂದರೆ ಎತ್ತರದ ನಾಡು. ಜಪಾನಿಯಲ್ಲಿ ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಒತ್ತಕ್ಷರ ತಪ್ಪಿದರೆ ಅರ್ಥವೇ ಕೆಡುವ ಈ ಸೂಕ್ಷ್ಮ ಕನ್ನಡದ ಕಿವಿಗೆ ಬೇಗ ಹಿಡಿಸುತ್ತದೆ.

ಒಳಹೊಕ್ಕು ನೋಡಿದರೆ ಮಾತ್ರ ದಾರಿಗಳು ಬೇರೆ. ಒರೊಮೊದಲ್ಲಿ ಅವನು ಹೋದರೆ ‘ದೇಮೆ’, ಅವಳು ಹೋದರೆ ‘ದೇಮ್ತೆ’. ಜಪಾನಿಯಲ್ಲಿ ಯಾರು ಹೋದರೂ ‘ಇತ್ತ’. ದೊಡ್ಡ ಮನೆಗೆ ಜಪಾನಿಯವರು ‘ಓಕೀ ಇಎ’ ಎಂದು ವಿಶೇಷಣವನ್ನು ಮೊದಲಿಟ್ಟರೆ, ಒರೊಮೊದವರು ‘ಮನ ಗುದ್ದಾ’ ಎಂದು ಮನೆಯನ್ನೇ ಮೊದಲು ಹೇಳುತ್ತಾರೆ. (ಆ ‘ಮನ’ ನಮ್ಮ ‘ಮನೆ’ಯಂತೆ ಕೇಳಿಸುವುದು ಬರಿಯ ಆಕಸ್ಮಿಕ.) ಬರವಣಿಗೆಯಂತೂ ದೂರದ ಮಾತು: ಜಪಾನಿಯನ್ನು ಚೀನೀ ಮೂಲದ ಅಕ್ಷರಗಳಾದ ಕಂಜಿ ಮತ್ತು ಉಚ್ಚಾರವನ್ನು ಸೂಚಿಸುವ ಎರಡು ಬಗೆಯ ಕಾನಾ ಅಕ್ಷರಗಳನ್ನು ಬೆರೆಸಿ ಬರೆದರೆ, ಒರೊಮೊಗೆ 1991ರಲ್ಲಿ ಲ್ಯಾಟಿನ್ ಅಕ್ಷರಗಳ ‘ಕುಬೇ’ ಲಿಪಿ ಅಧಿಕೃತವಾಯಿತು. ಭಾಷೆಗಳ ಕುರಿತ ಲೇಖನಗಳಲ್ಲಿ ರಚನೆಯ ಸಾಮ್ಯವನ್ನೂ ಮೂಲದ ಸಂಬಂಧವನ್ನೂ ಬೇರೆಬೇರೆಯಾಗಿಯೇ ವಿವರಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ